ಡ್ರೈವರ್ ಬರೋತನಕ ಗಾಡಿ ಮುಚ್ಚಲ್ಲ

ಸಕಲೇಶಪುರದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಹೇಮಾವತಿ ಸೇತುವೆಯ ಮೇಲೆ ಡಿಸೆಂಬರ್ ತಿಂಗಳ ಮಂಜು ಕೂತುಬಿಟ್ಟಿದೆ. ಘಾಟಿ ಇಳಿಯುವ ಲಾರಿಗಳು ಕಣ್ಣಿಗೆ ಕಾಣುವ ಮೊದಲೇ ಕಿವಿಗೆ ಬೀಳುತ್ತಿವೆ. ಸೇತುವೆಯಿಂದ ಸ್ವಲ್ಪ ಆಚೆ, ಒಂದು ಹಳೇ ಗೋಡೆಗೆ ಒರಗಿಕೊಂಡ ತಗಡಿನ ಶೆಡ್ಡಿನಲ್ಲಿ ಒಂದೇ ಬಲ್ಬು ಉರಿಯುತ್ತಿದೆ. ದಪ್ಪ ಮರದ ದಿಮ್ಮಿಗಳ ಮೇಲೆ ಏರಿ ಕೂತ ತಿಳಿನೀಲಿ ಬಣ್ಣದ ಬೀಟಲ್ ಕಾರು, ಅದರ ಹೊಟ್ಟೆಯಡಿಯಿಂದ ಹೊರಗೆ ಚಾಚಿದ ಎರಡು ಕಾಲು, ಕಾಲಿನಡಿ ಹಾಸಿದ ಕಾಫಿ ಗೋಣಿಚೀಲ. ಆ ಕಾಲುಗಳ ಒಡೆಯರು ಬೈಯುತ್ತಿದ್ದಾರೆ.

ಯಾರನ್ನು ಎಂದು ಥಟ್ಟನೆ ತಿಳಿಯುವುದಿಲ್ಲ. ಒಮ್ಮೆ ರಸ್ತೆಯನ್ನು, ಒಮ್ಮೆ ಮಂಡಿನೋವನ್ನು, ಒಮ್ಮೆ ಕಣ್ಣಿಗೆ ಉದುರಿದ ತುಕ್ಕನ್ನು, ಸುಮಾರು ಸಲ ತಮ್ಮನ್ನೇ. ಚಹಾ ತಂದಿಟ್ಟ ಹೆಂಡತಿ ಸುಗ್ರಾ ಸೆರಗಿನಿಂದ ಕೈ ಒರೆಸಿಕೊಂಡು ಹೇಳುತ್ತಾರೆ: "ನಮಾಜು ಮುಗ್ಸಿ ಬಂದೋರು ಸ್ವಲ್ಪ ಹೊತ್ತಾದ್ರೂ ಬಾಯಿ ಚೊಕ್ಕವಾಗಿ ಇಟ್ಕೊಳ್ಳಿ ಅಂತೀನಿ. ಕೇಳಿದ್ರೆ ತಾನೆ." ಈ ಮನೆಯಲ್ಲಿ ಒಳಗೆ ಉರ್ದು, ಶೆಡ್ಡಿನಲ್ಲಿ ಕನ್ನಡ, ಬೈಗುಳಕ್ಕೆ ಎರಡೂ ನಡೆಯುತ್ತವೆ.

ಖಲಂದರ್ ಸಾಬರು ಜಾರಿಕೊಂಡು ಹೊರಬರುತ್ತಾರೆ. ಅರವತ್ತರ ಹತ್ತಿರದ ವಯಸ್ಸು, ಗಡ್ಡದಲ್ಲಿ ನರೆಯಷ್ಟೇ ಗ್ರೀಸು, ಎಡಗೈಯ ತೋರುಬೆರಳು ಅರ್ಧಕ್ಕೇ ನಿಂತಿದೆ. ಕಿಸೆಯಲ್ಲಿ ಫೋನು ಬಡಿದುಕೊಳ್ಳುತ್ತದೆ. ತೆಗೆದು ನೋಡಿ ಮತ್ತೆ ಕಿಸೆಗೇ ತುರುಕುತ್ತಾರೆ. "ಅದೇ, ಸಾವ್ಕಾರ್ರು. ಗಾಡಿ ಯಾವಾಗ ಕೊಡ್ತೀಯ ಅಂತ ದಿನಾ ಇದೇ ರಗಳೆ. ಡ್ರೈವರ್ ಬರ್ಲಿ, ಕೊಡ್ತೀನಿ. ಡ್ರೈವರ್ ಬರೋತನಕ ಗಾಡಿ ಮುಚ್ಚಲ್ಲ."

ಈ ಒಂದು ಹಟಕ್ಕೆ ಕಾರು ದಿಮ್ಮಿಗಳ ಮೇಲೆ ಕೂತು ವಾರಗಳೇ ಆದವು. ಮಿಕ್ಕ ಕೆಲಸವೆಲ್ಲ ಮುಗಿದಿದೆ. ಹೊಸ ಶಾಕ್ ಅಬ್ಸಾರ್ಬರುಗಳು ಕೂತಿವೆ, ರಬ್ಬರುಗಳು ಬದಲಾಗಿವೆ. ಹಿಂದಿನ ಚಕ್ರಗಳ ಭಾರ ಹೊರಬೇಕಾದ ಎರಡು ಉಕ್ಕಿನ ಸರಳುಗಳು ಮಾತ್ರ ಮೇಜಿನ ಮೇಲೆ ಹಳೇ ಲುಂಗಿ ಹೊದ್ದು ಮಲಗಿವೆ. ಅವನ್ನು ಕೂರಿಸಬೇಕಾದರೆ ಈ ಕಾರಿನ ಡ್ರೈವರ್ ವೆಂಕಟೇಶ ಪಕ್ಕದಲ್ಲಿ ನಿಂತಿರಬೇಕು. ವೆಂಕಟೇಶ ಬರುವ ಸೂಚನೆಯಿಲ್ಲ. ಕುಡಿದು ಕಾರನ್ನು ರಸ್ತೆ ಬದಿಯ ಗುಡ್ಡದ ಧರೆಗೆ ಗುದ್ದಿದ ಎಂಬ ಹೆಸರು ಹೊತ್ತು, ಕೆಲಸ ಕಳೆದುಕೊಂಡು, ವನಗೂರಿನ ಮೇಲಿನ ಎಸ್ಟೇಟಿನ ಆಳುಗಳ ಲೈನ್ ಮನೆ ಖಾಲಿ ಮಾಡಿ, ಆಲೂರು ತಾಲ್ಲೂಕಿನ ಪಾಳ್ಯದಲ್ಲಿ ಅಕ್ಕನ ಮನೆ ಸೇರಿದ್ದಾರೆ.

ಅವರು ಕುಡಿದಿರಲಿಲ್ಲ. ಕಾರು ಧರೆಗೆ ಬಡಿದದ್ದು ಖಲಂದರ್ ಸಾಬರ ಕೈತಪ್ಪಿನಿಂದ. ಇದನ್ನು ಯಾರೋ ಚಾಡಿಕೋರರು ಹೇಳಿದ್ದಲ್ಲ, ಖಲಂದರ್ ಸಾಬರೇ ಹೇಳುತ್ತಾರೆ. ಬಂದವರ ಕೈಗೆ ಚಹಾ ಲೋಟ ಕೊಡುವ ಮೊದಲೇ ಹೇಳುತ್ತಾರೆ, ಅದೂ ಕೇಳಿದವರದೇ ತಪ್ಪೇನೋ ಎನ್ನುವಷ್ಟು ಸಿಟ್ಟಿನಿಂದ.

"ಪೇಪರಲ್ಲಿ ಎಲೆಮರೆಯ ಕಾಯಿ ಅಂತ ಹಾಕ್ತೀರಂತೆ ನನ್ನ? ಹಾಕಿ. ಕಾಯಿಗೆ ಹುಳ ಬಿದ್ದೈತೆ ಅಂತಾನೂ ಹಾಕಿ."

ಇಂಥ ಲೇಖನಗಳಲ್ಲಿ ದುಡಿಯುವ ಮನುಷ್ಯ ಸಾಮಾನ್ಯವಾಗಿ ಕೈಮುಗಿದು ನಗುತ್ತಿರುತ್ತಾನೆ. ಫೋಟೋಗೆ ಸ್ವಲ್ಪ ನಗಿ ಎಂದು ಕೇಳಿದ್ದಕ್ಕೆ ಖಲಂದರ್ ಸಾಬರು ಸ್ಪ್ಯಾನರ್ ಕೆಳಗಿಟ್ಟು, ನಗೋಕೆ ಏನಾಗೈತೆ ಎಂದು ತಿರುಗಿ ಕೇಳಿದರು. ಫೋಟೋ ಹಾಗೇ ತೆಗೆಯಲಾಯಿತು.

ಹುಟ್ಟಿದ್ದು ಆಲೂರಿನಲ್ಲಿ. ತಂದೆ ಕಾಫಿ ವ್ಯಾಪಾರಿಯೊಬ್ಬರ ಲಾರಿ ಓಡಿಸುತ್ತಿದ್ದರು. ಓದು ಹತ್ತಲಿಲ್ಲ, ಹತ್ತಲಿಲ್ಲ ಎನ್ನುವುದಕ್ಕಿಂತ, ಶಾಲೆಯ ಪಕ್ಕದಲ್ಲೇ ಲಾರಿ ನಿಲ್ಲುವ ಜಾಗವಿದ್ದದ್ದು ಎಡವಟ್ಟಾಯಿತು ಎನ್ನುತ್ತಾರೆ. ತಂದೆ ಕಿವಿ ಹಿಂಡಿ ಕರೆತಂದು ಸಕಲೇಶಪುರದ ರಯೀಸ್ ಉಸ್ತಾದರ ಶೆಡ್ಡಿಗೆ ಬಿಟ್ಟರು. ಉಸ್ತಾದರು ಇಂಜಿನ್ ಮುಟ್ಟುತ್ತಿರಲಿಲ್ಲ. ಗಾಡಿಯ ಕಾಲು ನೋಡುವವರು ಅವರು: ಪ್ಲೇಟು, ಶಾಕು, ಬುಷ್ಷು. ಗುಂಡಿಗೆ ಬಿದ್ದ ಏಟು ಕೂತವರ ಬೆನ್ನಿಗೆ ತಲುಪದ ಹಾಗೆ ನಡುವೆ ನಿಂತು ತಡೆಯುವ ಸಾಮಾನು ಏನೇನಿದೆಯೋ ಅಷ್ಟು. ಉಸ್ತಾದರು ತೀರಿಕೊಂಡ ಮೇಲೆ ಶೆಡ್ಡು, ಸಾಮಾನು, ಶೆಡ್ಡಿನ ಕಟ್ಟಳೆಗಳು ಎಲ್ಲ ಖಲಂದರ್ ಅವರ ಪಾಲಿಗೆ ಬಂದವು.

ಈಗ ದಿನಕ್ಕೆ ನಾಲ್ಕೈದು ಜೀಪು ಬರುತ್ತವೆ. ಕಾಫಿ ಕೊಯ್ಲಿನ ಹೊತ್ತಿನಲ್ಲಿ ಇನ್ನೂ ಹೆಚ್ಚು. ವನಗೂರು, ಹೆಗ್ಗದ್ದೆ ಕಡೆಯ ಕಡಿದಾದ ಹಾದಿಗಳಲ್ಲಿ ಮೂಟೆಯ ಮೇಲೆ ಮೂಟೆ, ಮೂಟೆಯ ಮೇಲೆ ಆಳು ಹೇರಿಕೊಂಡು ಬರುವ ಜೀಪುಗಳ ಪ್ಲೇಟು ಕಟ್ಟಾಗುವುದು ಇಲ್ಲಿ ಸುದ್ದಿಯೇ ಅಲ್ಲ. ಖಲಂದರ್ ಬೆಳಿಗ್ಗೆ ಗಾಡಿಯಡಿ ಮಲಗಿದರೆ ಮಧ್ಯಾಹ್ನ ಊಟಕ್ಕೆ ಏಳುವುದು, ಊಟ ಮಾಡಿ ಮತ್ತೆ ಮಲಗುವುದು. "ಮಲಗಿ ಮಲಗಿಯೇ ಸಂಸಾರ ಸಾಕಿದ ಗಂಡಸು ಈ ಊರಲ್ಲಿ ಇವ್ರೊಬ್ರೇ," ಎಂದು ಸುಗ್ರಾ ಕಾಲೆಳೆಯುತ್ತಾರೆ. ಮಳೆಗಾಲದಲ್ಲಿ ಗೋಣಿಚೀಲದ ಕೆಳಗೆ ನೀರು ಹರಿಯುತ್ತದೆ, ಚಳಿಗಾಲದಲ್ಲಿ ನೆಲ ಕೊರೆಯುತ್ತದೆ. ಮಂಡಿ ಎರಡೂ ಹೋಗಿವೆ. ಅರ್ಧ ಬೆರಳು ಒಂದು ಜೀಪಿನ ಪ್ಲೇಟು ಸಿಡಿದಾಗ ಹೋಯಿತು, ಅದೂ ಕೆಲಸ ಕಲಿಯುವ ದಿನಗಳಲ್ಲಿ. ಅದನ್ನು ಹೇಳುವಾಗ ಅವರಿಗೆ ಬೇಸರವಿಲ್ಲ.

ಬೇಸರವೇನಿದ್ದರೂ ರಸ್ತೆಯ ಮೇಲೆ. ಮಳೆ ಬರುವ ಮುಂಚೆ ಡಾಂಬರು ಸುರಿದು, ಮಳೆ ಬಂದ ಮೇಲೆ ಅದೇ ಡಾಂಬರನ್ನು ಹಳ್ಳದಲ್ಲಿ ಹುಡುಕುವ ಗುತ್ತಿಗೆದಾರರ ಹೆಸರು ಎತ್ತಿದರೆ ಸಾಕು, ಕೈಯಲ್ಲಿರುವುದು ಏನೇ ಇರಲಿ ನೆಲಕ್ಕೆ ಬೀಳುತ್ತದೆ. "ರಸ್ತೆ ಕೆಟ್ಟಷ್ಟೂ ನಿಂಗೆ ದುಡಿಮೆ ಅಲ್ವೇನೋ ಅಂತ ಹಲ್ಲು ಕಿಸೀತಾರೆ. ಅಂಥ ದುಡಿಮೆಗೆ ಬೆಂಕಿ ಹಾಕ. ಆ ಗುಂಡೀಲಿ ಬಸುರಿ ಹೆಂಗಸ್ರು ಜೀಪಲ್ಲಿ ಕೂತು ಆಸ್ಪತ್ರೆಗೆ ಬರ್ತಾರೆ ಕಣ್ರೀ. ನಾನು ಪ್ಲೇಟ್ ಕಟ್ಟೋದು ಜೀಪಿಗಲ್ಲ, ಅವ್ರ ಸೊಂಟಕ್ಕೆ."

ಈ ಸಿಟ್ಟೆಲ್ಲ ಹಳೆಯದು, ಊರಿಗೆ ಗೊತ್ತಿರುವುದು. ಈ ಬಾರಿಯ ಸಿಟ್ಟಿಗೆ ಕಾರಣ ದಿಮ್ಮಿಗಳ ಮೇಲೆ ಕೂತಿದೆ.

ಬೀಟಲ್ ಕಾರು ಈ ಗುಡ್ಡಗಳಿಗೆ ಶೋಕಿಗೆ ಬಂದದ್ದಲ್ಲ. ಇಂಜಿನ್ ಹಿಂದುಗಡೆ, ಭಾರವೆಲ್ಲ ಓಡಿಸುವ ಚಕ್ರಗಳ ಮೇಲೆ. ಕೆಸರಿನಲ್ಲೂ ಗುಡ್ಡ ಹತ್ತುತ್ತದೆ. ಇಂಜಿನ್ನಿಗೆ ನೀರು ಬೇಕಿಲ್ಲ, ಗಾಳಿಯಲ್ಲೇ ತಣಿಯುತ್ತದೆ. ಏರಿನಲ್ಲಿ ರೇಡಿಯೇಟರ್ ಕುದಿದು ನಡುದಾರಿಯಲ್ಲಿ ನಿಲ್ಲುವ ಗೋಳಿಲ್ಲ. ಎಸ್ಟೇಟಿನ ಈಗಿನ ಮಾಲೀಕ ದೇವೇಂದ್ರ ಅವರ ತಂದೆ ಇದನ್ನು ಕೊಂಡು ವರ್ಷಗಟ್ಟಲೆ ಹಾಸನಕ್ಕೂ ತೋಟಕ್ಕೂ ಓಡಿಸಿದರು. ಅವರು ಹೋದ ಮೇಲೆ ಕಾರು ಸ್ಟೋರಿನ ಮೂಲೆ ಸೇರಿ, ಅದರ ಸೀಟಿನ ಮೇಲೆ ಕೋಳಿ ಕಾವು ಕೂರುವ ಸ್ಥಿತಿಗೆ ಬಂತು. ಆಮೇಲೆ ದೇವೇಂದ್ರ ತೋಟದಲ್ಲಿ ಹೋಮ್‌ಸ್ಟೇ ತೆರೆದರು. ಬಂದವರಿಗೆ ಹಳೇ ಕಾರು ಎಂದರೆ ಪ್ರಾಣ. ಕೋಳಿ ಇಳಿಯಿತು, ಬಣ್ಣ ಹತ್ತಿತು, ವೆಂಕಟೇಶ ಅತಿಥಿಗಳನ್ನು ಕೂರಿಸಿಕೊಂಡು ಗುಡ್ಡ ಸುತ್ತಿಸತೊಡಗಿದರು.

ನಾಲ್ಕು ಜನ ದಪ್ಪಗಿನವರು ಕೂತರೆ ಕಾರಿನ ಹಿಂಭಾಗ ಕಲ್ಲಿಗೆ ಉಜ್ಜುತ್ತಿತ್ತು. ಅತಿಥಿಗಳು ಬೆನ್ನು ಹಿಡಿದುಕೊಂಡು ಇಳಿಯುತ್ತಿದ್ದರು. ಹಾಗಾಗಿ ದಸರಾ ರಜೆಗೆ ಮುಂಚೆ ಕಾರಿನ ಕಾಲು ಗಟ್ಟಿ ಮಾಡಿಸಬೇಕೆಂದು ದೇವೇಂದ್ರ ನಿಶ್ಚಯಿಸಿದರು. ಅದಕ್ಕೆ ಖಲಂದರ್ ಸಾಬರನ್ನು ಬಿಟ್ಟರೆ ಈ ಸೀಮೆಯಲ್ಲಿ ಬೇರೆ ಕೈಯಿಲ್ಲ.

ಬೀಟಲಿನ ಹಿಂದಿನ ಚಕ್ರಕ್ಕೆ ಜೀಪಿನ ಹಾಗೆ ಪ್ಲೇಟುಗಳ ಕಟ್ಟಿಲ್ಲ, ಸುರುಳಿ ಸ್ಪ್ರಿಂಗೂ ಇಲ್ಲ. ಎಡಕ್ಕೊಂದು ಬಲಕ್ಕೊಂದು ಉಕ್ಕಿನ ಸರಳು ಅಡ್ಡಡ್ಡ ಮಲಗಿರುತ್ತವೆ. ಚಕ್ರ ಗುಂಡಿಗೆ ಬಿದ್ದಾಗ ಸರಳು ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚಿಕೊಳ್ಳುತ್ತದೆ, ಎದ್ದಾಗ ಬಿಚ್ಚಿಕೊಳ್ಳುತ್ತದೆ. ಇಷ್ಟೇ ಅದರ ಗುಟ್ಟು. ಆದರೆ ಎಡದ ಸರಳನ್ನು ಮಾಡುವಾಗಲೇ ಎಡಕ್ಕೆ, ಬಲದ್ದನ್ನು ಬಲಕ್ಕೆ ತಿರುಚಿ ಪಳಗಿಸಿರುತ್ತಾರೆ. ಯಾವ ಕಡೆಯದ್ದು ಎನ್ನುವುದಕ್ಕೆ ತುದಿಯಲ್ಲಿ ಸಣ್ಣ ಬಾಣದ ಗುರುತು ಇರುತ್ತದೆ. ಅದಲುಬದಲಾದರೂ ಸರಳು ಕೂರುತ್ತದೆ, ಕಾರು ಓಡುತ್ತದೆ, ಯಾರಿಗೂ ಏನೂ ಗೊತ್ತಾಗುವುದಿಲ್ಲ. ಸ್ವಲ್ಪ ದಿನಕ್ಕೆ ಕುಗ್ಗತೊಡಗುತ್ತದೆ. ಆಮೇಲೊಂದು ದಿನ ಮುರಿಯುತ್ತದೆ.

ಇದಕ್ಕಾಗಿಯೇ ರಯೀಸ್ ಉಸ್ತಾದರು ಶೆಡ್ಡಿಗೆ ಒಂದು ಕಟ್ಟಳೆ ಮಾಡಿದ್ದರು. ಗಾಡಿಯ ಕಾಲು ಬಿಚ್ಚುವಾಗಲೂ ಮುಚ್ಚುವಾಗಲೂ ಅದನ್ನು ದಿನಾ ಓಡಿಸುವ ಡ್ರೈವರ್ ಅಲ್ಲೇ ಇರಬೇಕು. ಮಾಲೀಕರು ಬಂದರೆ ಕುರ್ಚಿ ಉಂಟು, ಚಹಾ ಉಂಟು, ಲೆಕ್ಕಕ್ಕೆ ಮಾತ್ರ ಇಲ್ಲ. ಬೀಟಲ್ ಆದರೆ ಸರಳು ಮೊದಲು ಡ್ರೈವರ್ ಕೈಗೆ ಹೋಗಬೇಕು. ಅವನು ತುದಿ ಉಜ್ಜಿ, ಬಾಣ ನೋಡಿ, ಎಡ ಎಂದೋ ಬಲ ಎಂದೋ ಗಟ್ಟಿಯಾಗಿ ಕೂಗಬೇಕು. ಕೂಗಿದ ಮೇಲೆ ಮೆಕ್ಯಾನಿಕ್ ಕೈಗೆ. ನೋಡಿದವನೇ ಹಾಕುವಂತಿಲ್ಲ, ಹಾಕುವವನೇ ನೋಡುವಂತಿಲ್ಲ. ಎಲ್ಲ ಮುಗಿದ ಮೇಲೆ ಡ್ರೈವರ್ ಓಡಿಸಬೇಕು, ಮೆಕ್ಯಾನಿಕ್ ಹಿಂದಿನ ಸೀಟಿನಲ್ಲಿ ಕೂತು ಕೆಟ್ಟ ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬರಬೇಕು. "ಮುರಿದ್ರೆ ಕಟ್ಟಿದೋನ ಬೆನ್ನೇ ಮೊದ್ಲು ಮುರೀಲಿ ಅಂತ," ಎನ್ನುತ್ತಾರೆ ಖಲಂದರ್. ವೆಂಕಟೇಶ ಇಷ್ಟು ವರ್ಷ ಬಂದು, ನಿಂತು, ಕೂಗಿ ಹೋಗುತ್ತಿದ್ದರು. ಅವರ ಕೂಗು ರಸ್ತೆಯಾಚೆಯ ಹೋಟೆಲಿಗೂ ಕೇಳುತ್ತಿತ್ತಂತೆ.

ದಸರೆಗೆ ಮುಂಚೆ ಮಾತ್ರ ಹಾಗಾಗಲಿಲ್ಲ. ಹೊಸದಾಗಿ ಹಾಕಬೇಕಿದ್ದ ದಪ್ಪ ಸರಳುಗಳು ಹೊರಗಿನ ಹಳೇ ಸಾಮಾನಿನ ವ್ಯಾಪಾರಿಯೊಬ್ಬರಿಂದ ಬಂದವು. ಬರುವಾಗಲೇ ತುದಿಯಿಂದ ತುದಿಗೆ ಕರೀ ಬಣ್ಣ ಬಳಿದುಕೊಂಡು ಮಿರಮಿರ ಮಿಂಚುತ್ತಿದ್ದವು. ಬಾಣದ ಗುರುತು ಬಣ್ಣದ ಅಡಿಯಲ್ಲಿ. ಡ್ರೈವರನ್ನು ಕಳಿಸಿ ಎಂದು ಖಲಂದರ್ ಹೇಳಿದ್ದಕ್ಕೆ, ಅತಿಥಿಗಳನ್ನು ರೈಲು ನಿಲ್ದಾಣದಿಂದ ಕರೆತರಲು ಜೀಪು ಓಡಿಸಬೇಕು, ವೆಂಕಟೇಶನಿಗೆ ಪುರಸೊತ್ತಿಲ್ಲ, ರಜೆ ಶುರುವಾಗುವಷ್ಟರಲ್ಲಿ ಕಾರು ಬೇಕೇ ಬೇಕು ಎಂದರು ದೇವೇಂದ್ರ. ಇನ್ನೊಂದು ದಿನ ಕಾಯಿರಿ ಎಂದು ಸುಗ್ರಾ ಕೂಡ ಹೇಳಿದರು. ಖಲಂದರ್ ಕಾಯಲಿಲ್ಲ. ವ್ಯಾಪಾರಿ ಸರಳುಗಳಿಗೆ ಕಟ್ಟಿ ಕಳಿಸಿದ್ದ ಚೀಟಿಗಳನ್ನೇ ನಂಬಿ, ಬಣ್ಣ ಉಜ್ಜದೆ, ಕೂಗಿಲ್ಲದೆ ಕೂರಿಸಿಬಿಟ್ಟರು.

"ಕೊಬ್ಬು," ಎನ್ನುತ್ತಾರೆ. ಅರ್ಧ ಬೆರಳಿನಿಂದ ತಮ್ಮದೇ ಎದೆ ತೋರಿಸಿಕೊಳ್ಳುತ್ತಾರೆ. "ಸಾವ್ಕಾರ್ರು ಅವಸರ ಮಾಡಿದ್ರು ಅನ್ನೋದು ನೆಪ. ಕಣ್ಮುಚ್ಕೊಂಡು ಹಾಕ್ತೀನಿ, ನಂಗ್ಯಾಕೆ ಇನ್ನೊಬ್ಬನ ಕಣ್ಣು ಅಂತ ಕೊಬ್ಬು ಹತ್ಬುಟ್ಟಿತ್ತು. ಉಸ್ತಾದ್ರು ಬದುಕಿದ್ದಿದ್ರೆ ಸ್ಪ್ಯಾನರಲ್ಲೇ ಹೊಡೀತಿದ್ರು. ಹೊಡೀಬೇಕಿತ್ತು."

ದಸರಾ ಚೆನ್ನಾಗಿ ಕಳೆಯಿತು. ಕಾರು ಎತ್ತರಕ್ಕೆ ನಿಂತಿತ್ತು, ಅತಿಥಿಗಳು ಹೊಗಳಿದರು. ದೀಪಾವಳಿ ಹೊತ್ತಿಗೆ ಹಿಂಭಾಗ ಎಡಕ್ಕೆ ಕುಸಿಯತೊಡಗಿತು. ವೆಂಕಟೇಶ ಅದನ್ನು ಗಮನಿಸಿ, ಸಾಬರಿಗೆ ತೋರಿಸಿಕೊಂಡು ಬರುತ್ತೇನೆ ಎಂದು ಮಾಲೀಕರಿಗೆ ಹೇಳಿದರು. ಅತಿಥಿಗಳು ಹೋಗಲಿ, ಆಮೇಲೆ ನೋಡೋಣ ಎಂಬ ಉತ್ತರ ಬಂತು. ಒಂದು ತಂಡ ಹೋದರೆ ಇನ್ನೊಂದು ತಂಡ ಬರುತ್ತದೆ. ಆಮೇಲೆ ಎನ್ನುವುದು ಬರಲೇ ಇಲ್ಲ. ನವೆಂಬರ್ ಕೊನೆಯಲ್ಲಿ, ಒಂದು ಸಂಜೆ, ಎಸ್ಟೇಟಿನ ಇಳಿಜಾರಿನ ತಿರುವಿನಲ್ಲಿ ಎಡದ ಸರಳು ಮುರಿಯಿತು. ಚಕ್ರ ಒಳಕ್ಕೆ ಮಡಚಿಕೊಂಡು ಕಾರು ಎಡಕ್ಕೆ ಎಳೆಯಿತು. ಎಡಕ್ಕೆ ಪ್ರಪಾತ, ಬಲಕ್ಕೆ ಧರೆ. ವೆಂಕಟೇಶ ಸ್ಟೇರಿಂಗನ್ನು ಬಲಕ್ಕೆ ಎಳೆದುಕೊಂಡು, ತಮ್ಮ ಬಾಗಿಲೇ ಮೊದಲು ತಗಲುವ ಹಾಗೆ ಧರೆಗೆ ಕೊಟ್ಟರು. ಹಿಂದೆ ಕೂತಿದ್ದ ಹೆಂಗಸಿನ ಹಣೆ ತರಚಿತು. ಮಿಕ್ಕವರಿಗೆ ಏನೂ ಆಗಲಿಲ್ಲ. ವೆಂಕಟೇಶ ಅವರ ಬಲಭುಜದ ಮೂಳೆ ಮುರಿಯಿತು.

ಅತಿಥಿಗಳು ಊರಿಗೆ ಹೋಗಿ ಇಂಟರ್ನೆಟ್ಟಿನಲ್ಲಿ ಛೀಮಾರಿ ಹಾಕಿದರು. ಅದಕ್ಕೆ ಎಸ್ಟೇಟಿನಿಂದ ಉತ್ತರ ಹೋಯಿತು: ಡ್ರೈವರ್ ಕುಡಿದಿದ್ದ, ಅವನನ್ನು ಕೆಲಸದಿಂದ ತೆಗೆದಿದ್ದೇವೆ, ಕ್ಷಮಿಸಿ. ಪೊಲೀಸರ ತನಕ ಯಾರೂ ಹೋಗಲಿಲ್ಲ, ರಕ್ತ ಪರೀಕ್ಷೆ ಆಗಲಿಲ್ಲ. ಕುಡಿದಿದ್ದಾನೆ ಎಂದರೆ ಕುಡಿದಿದ್ದಾನೆ, ಅಷ್ಟೇ. ಮಾರನೆಯ ಬೆಳಿಗ್ಗೆ ಸ್ಟೋರ್ ಮುಂದೆ ಆಳುಗಳ ಹಾಜರಿ ನಡೆಯುವಾಗ, ಕೈಗೆ ಜೋಳಿಗೆ ಕಟ್ಟಿಕೊಂಡು ನಿಂತಿದ್ದ ವೆಂಕಟೇಶ ಅವರನ್ನು ಎಲ್ಲರೆದುರು ಕುಡುಕ ಎಂದು ಕರೆದು ಲೈನ್ ಮನೆ ಬಿಡಲು ಹೇಳಲಾಯಿತು. ಅಲ್ಲಿ ಅವರ ತಾಯಿ ದೇವೀರಮ್ಮನೂ ಕೊಯ್ಲಿನ ಬುಟ್ಟಿ ಹಿಡಿದು ನಿಂತಿದ್ದರು. ಜೀವಮಾನದಲ್ಲಿ ಅಡಿಕೆ ಎಲೆ ಕೂಡ ಹಾಕದ ಮಗನ ಬಗ್ಗೆ ಆ ಮಾತು ಕೇಳಿಸಿಕೊಂಡು, ಬುಟ್ಟಿಯನ್ನು ಅಲ್ಲೇ ಇಟ್ಟು ಮಗನ ಹಿಂದೆ ನಡೆದರು.

ಗುಡ್ಡದ ಸೀಮೆಯಲ್ಲಿ ಕುಡುಕ ಎಂಬ ಹೆಸರು ಬಿದ್ದ ಡ್ರೈವರಿಗೆ ಯಾವ ಎಸ್ಟೇಟಿನವರೂ ಗಾಡಿಯ ಕೀಲಿ ಕೊಡುವುದಿಲ್ಲ. ಮೂಳೆ ಕೂಡಿಕೊಳ್ಳುತ್ತದೆ, ಆ ಹೆಸರು ಹೋಗುವುದಿಲ್ಲ.

ಜೀಪಿಗೆ ಕಟ್ಟಿ ಎಳೆದು ತಂದ ಕಾರು ಶೆಡ್ಡಿಗೆ ಬಂದಾಗ ಮುರಿದ ಸರಳಿನ ತುಂಡು ಹೊರಗೇ ನೇತಾಡುತ್ತಿತ್ತು. ಖಲಂದರ್ ಅದನ್ನು ಕೈಯಿಂದಲೇ ಎಳೆದು, ತುದಿಯ ಕರೀ ಬಣ್ಣ ಉಜ್ಜಿದರು. ಬಾಣ ಕಂಡಿತು. ಎಡಗಡೆಯಿಂದ ಹೊರಬಂದ ಸರಳು ಬಲಗಡೆಯದ್ದು. ಅವತ್ತು ಅವರು ಬೈಯಲಿಲ್ಲ ಎಂದು ಸುಗ್ರಾ ನೆನೆಯುತ್ತಾರೆ. ಮಾತೂ ಆಡಲಿಲ್ಲ, ಊಟಕ್ಕೂ ಏಳಲಿಲ್ಲ. ಅದು ನೋಡಿ ತಮಗೆ ಭಯವಾಯಿತಂತೆ. ಮಾರನೆಯ ಬೆಳಿಗ್ಗೆ ಮುರಿದ ಸರಳನ್ನು ಗೋಣಿಯಲ್ಲಿ ಸುತ್ತಿ, ಹಾಲಿನ ಜೀಪು ಹತ್ತಿ, ಹಾಜರಿ ಹೊತ್ತಿಗೆ ಸರಿಯಾಗಿ ಎಸ್ಟೇಟ್ ಗೇಟಿನ ಮುಂದೆ ಇಳಿದರು. ಯಾವ ಜಾಗದಲ್ಲಿ ವೆಂಕಟೇಶನ ಮಾನ ಕಳೆದರೋ ಅದೇ ಜಾಗದಲ್ಲಿ, ಅಷ್ಟೂ ಜನರ ಮುಂದೆ, ತಪ್ಪು ತನ್ನದು ಎಂದು ಹೇಳಿಬಿಡುವುದು ಅವರ ಎಣಿಕೆ.

ಗೇಟು ತೆರೆಯಲಿಲ್ಲ. ಹೊರಗೆ ಬಂದ ದೇವೇಂದ್ರ ಅವರು ಹೆಗಲ ಮೇಲೆ ಕೈಹಾಕಿ, ರಸ್ತೆ ಬದಿಗೆ ಕರೆದುಕೊಂಡು ಹೋಗಿ ಸಮಾಧಾನವಾಗಿಯೇ ಮಾತಾಡಿದರು. ಒಳಗೆ ಅತಿಥಿಗಳಿದ್ದಾರೆ, ಗಲಾಟೆ ಬೇಡ. ಆಗಿದ್ದು ಆಗಿಹೋಯಿತು. ಕಾರು ಸರಿಯಿರಲಿಲ್ಲ ಎಂದು ಹೊರಗೆ ಗೊತ್ತಾದರೆ ಹೋಮ್‌ಸ್ಟೇಗೆ ಒಂದು ನರಪಿಳ್ಳೆಯೂ ಬರುವುದಿಲ್ಲ. ಖಲಂದರ್ ಹೆಸರೂ ಕೆಡುತ್ತದೆ, ನಾಳೆ ಯಾರು ಜೀಪು ತರುತ್ತಾರೆ? ಸುಮ್ಮನೆ ಕಾರು ರಿಪೇರಿ ಮಾಡಿ ಕಳಿಸು, ಹೊಸ ಡ್ರೈವರ್ ಬಂದು ಒಯ್ಯುತ್ತಾನೆ. ಇದಿಷ್ಟು ಅವರ ಮಾತು. ಈ ಲೇಖನಕ್ಕಾಗಿ ಕೇಳಿದಾಗಲೂ ದೇವೇಂದ್ರ ಅವರು, ಅದು ಮುಗಿದ ವಿಷಯ, ಹೇಳುವುದೇನೂ ಇಲ್ಲ ಎಂದು ಫೋನ್ ಇಟ್ಟರು.

ಖಲಂದರ್ ಅವರಿಗೆ ಇದನ್ನು ಹೇಳುವಾಗ ಈಗಲೂ ಕತ್ತಿನ ನರ ಉಬ್ಬುತ್ತದೆ. "ಗಾಡಿ ಬಿಚ್ಚಿ ನೋಡೋಕ್ ಮೊದ್ಲೇ ಮನ್ಷನ್ನ ಬಿಚ್ಚಿ ಬಿಸಾಕ್ಬುಟ್ರಲ್ಲ ಇವ್ರು. ನನ್ನ ಹೆಸರು ಉಳಿಸ್ತಾರಂತೆ ನನಗೆ. ವೆಂಕಟೇಶನ ಹೆಸರು ಸುಟ್ಟು ಆ ಬೂದಿ ಹಣೆಗೆ ಹಚ್ಕೊಂಡು ಓಡಾಡ್ಲಾ ನಾನು?"

ಆ ಹೊತ್ತಿನಲ್ಲೇ ಅವರು ಗೇಟಿನ ಹೊರಗೆ ನಿಂತು ಮಾಲೀಕರಿಗೆ ಹೇಳಿ ಬಂದದ್ದು: ಈ ಸಲ ಕಟ್ಟಳೆ ತಪ್ಪುವುದಿಲ್ಲ, ಹೊಸ ಡ್ರೈವರ್ ಬೇಡ, ಮೊದಲಿನವನೇ ಬಂದು ಬಾಣ ನೋಡಿ ಕೂಗಬೇಕು, ಕೀಲಿ ಅವನ ಕೈಗೇ. ಅಲ್ಲಿಂದ ಶುರುವಾದ ಫೋನಿನ ಬಡಿದಾಟ ಇನ್ನೂ ನಿಂತಿಲ್ಲ. ಇನ್ನೊಂದು ಕಡೆ, ಪಾಳ್ಯದಲ್ಲಿ ವೆಂಕಟೇಶ ಅವರು ಸಾಬರ ಫೋನನ್ನೇ ಎತ್ತುತ್ತಿಲ್ಲ. ಎತ್ತಬೇಕೆಂದು ಕೇಳುವ ಮುಖ ತಮಗೂ ಇಲ್ಲ ಎನ್ನುತ್ತಾರೆ ಖಲಂದರ್. ಕೊನೆಗೆ ಸುಗ್ರಾ ಬಸ್ಸು ಹತ್ತಿ ಪಾಳ್ಯಕ್ಕೆ ಹೋದರು. ಈ ಬಾಯಿ ಕಟ್ಟಿಕೊಂಡು ಇವರು ಹೋದರೆ ಕೆಲಸ ಕೆಡುತ್ತದೆ ಎಂದು ನಾನೇ ಹೋದೆ ಎನ್ನುತ್ತಾರೆ. ದೇವೀರಮ್ಮ ಕೂರಿಸಿ ಕಾಫಿ ಕೊಟ್ಟರು. ಸುಗ್ರಾ ಎಲ್ಲ ಹೇಳಿ ಮುಗಿಸುವ ತನಕ ಸುಮ್ಮನೆ ಕೇಳಿಸಿಕೊಂಡು, ಬಂದ್ರೆ ಬತ್ತಾನೆ ಕಣಮ್ಮ ಎಂದಷ್ಟೇ ಹೇಳಿ ಕಳಿಸಿದರು. ಅದಾಗಿ ಎಷ್ಟೋ ದಿನವಾಯಿತು.

ಚಹಾ ಆರಿದೆ. ಮಂಜು ಸ್ವಲ್ಪ ತೆಳುವಾಗಿ ಸೇತುವೆಯ ಕಂಬಿಗಳು ಕಾಣುತ್ತಿವೆ. ಹಾಸನದ ಕಡೆಯಿಂದ ಬಂದ ಮೊದಲ ಬಸ್ಸು ಆಲೂರಿನವರನ್ನು ಇಳಿಸಿ ಮುಂದೆ ಹೋಗುತ್ತದೆ. ಸುಗ್ರಾ ಶೆಡ್ಡಿನ ಬಾಗಿಲಲ್ಲಿ ನಿಂತವರು ಪಕ್ಕಕ್ಕೆ ಸರಿಯುತ್ತಾರೆ. ಬಲಗೈ ಜೋಳಿಗೆಯಲ್ಲಿ ಹಾಕಿಕೊಂಡ, ತಲೆಗೆ ಮಫ್ಲರ್ ಸುತ್ತಿದ ನಲವತ್ತರ ಗಂಡಸು ಒಳಗೆ ಬರುತ್ತಾರೆ. ವೆಂಕಟೇಶ.

ನಮಸ್ಕಾರವಿಲ್ಲ, ಕುಶಲ ಸಮಾಚಾರವಿಲ್ಲ. ಯಾವಾಗಲೂ ಎದುರಿಗಿದ್ದವರ ಮೇಲೆ ಹರಿಹಾಯುವ ಖಲಂದರ್ ಸಾಬರಿಗೆ ಈಗ ಕೈ ಎಲ್ಲಿಡಬೇಕೆಂದು ತಿಳಿಯುತ್ತಿಲ್ಲ. ಗ್ರೀಸಿನ ಬಟ್ಟೆಯಿಂದ ಅದನ್ನೇ ಒರೆಸಿಕೊಳ್ಳುತ್ತಿದ್ದಾರೆ. ವೆಂಕಟೇಶ ಕಾರಿನ ಸುತ್ತ ಒಂದು ಸಲ ನಡೆದು, ನುಜ್ಜಾದ ಬಾಗಿಲನ್ನು ಎಡಗೈಯಿಂದ ಮುಟ್ಟಿ ನೋಡಿ, ಮೇಜಿನ ಹತ್ತಿರ ಬಂದು ನಿಲ್ಲುತ್ತಾರೆ.

"ಎಲ್ಲೈತೆ ಸರಳು?"

ಖಲಂದರ್ ಲುಂಗಿ ಸರಿಸುತ್ತಾರೆ. ಈ ಸರಳುಗಳಿಗೂ ಬಣ್ಣ ಬಳಿದಿದೆ. ಬೇಕೆಂದೇ ಉಜ್ಜದೆ ಬಿಟ್ಟಿದ್ದಾರೆ. ವೆಂಕಟೇಶ ಎಡಗೈಯಲ್ಲಿ ಉಜ್ಜುಕಾಗದ ಹಿಡಿದು ತಿಕ್ಕಬೇಕು, ಬಲಗೈ ಆಡುವುದಿಲ್ಲ, ಸರಳು ಜಾರುತ್ತದೆ. ಖಲಂದರ್ ಮುಂದೆ ಬಂದು ಸರಳನ್ನು ಎರಡೂ ಕೈಯಲ್ಲಿ ಅಮುಕಿ ಹಿಡಿಯುತ್ತಾರೆ. ಮುಖ ಮಾತ್ರ ಬೇರೆ ಕಡೆ ತಿರುಗಿಸಿಕೊಳ್ಳುತ್ತಾರೆ, ಏಕೆಂದರೆ ಹಾಕುವವನು ನೋಡುವಂತಿಲ್ಲ. ಕರೀ ಪುಡಿ ಇಬ್ಬರ ಕೈಮೇಲೂ ಉದುರುತ್ತದೆ. ಸ್ವಲ್ಪ ಹೊತ್ತಿಗೆ ವೆಂಕಟೇಶ ಬಗ್ಗಿ, ತುದಿಯನ್ನು ಬೆಳಕಿಗೆ ಹಿಡಿದು ನೋಡುತ್ತಾರೆ.

"ಎಡ."

"ಇನ್ನೊಂದ್ಸಲ ನೋಡು ಮಾರಾಯ," ಎನ್ನುತ್ತಾರೆ ಖಲಂದರ್, ಗೋಡೆಯ ಕಡೆ ಮುಖ ಮಾಡಿಕೊಂಡೇ.

"ಎಡ ಕಣ್ರೀ ಸಾಬ್ರೇ. ನಂಗೆ ಕಣ್ಣು ನೆಟ್ಟಗೈತೆ. ಕುಡ್ದಿಲ್ಲ ನಾನು."

ಖಲಂದರ್ ಸರಳನ್ನು ತೆಗೆದುಕೊಂಡು ಕಾರಿನ ಎಡಕ್ಕೆ ಹೋಗಿ ಗೋಣಿಚೀಲದ ಮೇಲೆ ಮಲಗುತ್ತಾರೆ. ಕೆಳಗಿನಿಂದ ಒಂದು ಮಾತು ಬರುತ್ತದೆ, ಬೈಗುಳವಲ್ಲ: "ತಪ್ಪಾಯ್ತು ಕಣೋ ವೆಂಕಟೇಶ." ವೆಂಕಟೇಶ ಎರಡನೆಯ ಸರಳನ್ನು ಮೊಣಕಾಲಿನ ನಡುವೆ ಸಿಕ್ಕಿಸಿಕೊಂಡು ತಾವೊಬ್ಬರೇ ಉಜ್ಜಿ, ನೋಡಿ, ರಸ್ತೆಯಾಚೆಯ ಹೋಟೆಲಿನವರು ತಿರುಗಿ ನೋಡುವಷ್ಟು ಗಟ್ಟಿಯಾಗಿ ಕೂಗುತ್ತಾರೆ: "ಬಲ."

ಬಿಸಿಲು ಬರುವ ಹೊತ್ತಿಗೆ ಕಾರು ದಿಮ್ಮಿಯಿಂದ ಇಳಿದು ನೆಲದ ಮೇಲೆ ಸಮನಾಗಿ ನಿಂತಿದೆ. ಫೋನು ಮತ್ತೆ ಬಡಿದುಕೊಳ್ಳುತ್ತದೆ. ಈ ಸಲ ಖಲಂದರ್ ಎತ್ತುತ್ತಾರೆ. ಗಾಡಿ ಆಯ್ತು, ಕೀಲಿ ವೆಂಕಟೇಶನ ಹತ್ರ ಐತೆ, ಅವನನ್ನೇ ಕೇಳ್ಕೊಳ್ಳಿ ಎಂದು ಫೋನನ್ನು ಅವರ ಕಿವಿಗೆ ಹಿಡಿಯುತ್ತಾರೆ. ಆ ಕಡೆಯಿಂದ ಬಂದದ್ದು ವೆಂಕಟೇಶ ಹೇಳಿದ ಮೇಲೆ ತಿಳಿಯುತ್ತದೆ: ಕೈ ವಾಸಿಯಾದ ಮೇಲೆ ಕಾರು ತಗೊಂಡು ಬಾ, ಕೆಲಸಕ್ಕೂ ಬಾ, ಹಳೇದೆಲ್ಲ ಬಿಟ್ಟುಬಿಡೋಣ.

ವೆಂಕಟೇಶ ಕೊಟ್ಟ ಉತ್ತರವನ್ನು ಎಲ್ಲರೂ ಕೇಳಿದರು. "ಕಾರು ತಂದು ಬಿಡ್ತೀನಿ. ಕೆಲ್ಸ ಆಮೇಲಿನ ಮಾತು. ಹಾಜರೀಲಿ ಎಲ್ರ ಮುಂದೆ ಅಂದಿದ್ದನ್ನ ಹಾಜರೀಲೇ ವಾಪಸ್ ತಗೋಬೇಕು. ನಮ್ಮವ್ವ ಕೇಳಿಸ್ಕೊಂಡವ್ಳೆ ಅದನ್ನ." ಆ ಕಡೆ ಫೋನು ಇಟ್ಟುಬಿಟ್ಟರು.

ದೇವೇಂದ್ರ ಅವರು ಆ ಮಾತು ವಾಪಸು ತೆಗೆದುಕೊಳ್ಳುತ್ತಾರೆಂದು ಖಲಂದರ್ ಸಾಬರಿಗೆ ನಂಬಿಕೆಯಿಲ್ಲ. ಬರೆಯಲು ಬಂದವರನ್ನು ಅವರು ಮೊದಲ ದಿನವೇ ಓಡಿಸದೆ ಒಳಗೆ ಬಿಟ್ಟುಕೊಂಡದ್ದು ಯಾಕೆಂದು ಈಗ ಹೇಳುತ್ತಾರೆ. ಎಸ್ಟೇಟಿನಲ್ಲಿ ಒಂದು ರೂಢಿಯಿದೆ. ಹಾಲಿನ ಜೀಪಿನಲ್ಲಿ ಪೇಪರ್ ಬರುತ್ತದೆ. ದೂರದ ಲೈನಿನ ಆಳುಗಳು ಬಂದು ಸೇರುವ ತನಕ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಸ್ಟೋರ್ ಮೆಟ್ಟಿಲ ಮೇಲೆ ನಿಂತು ಪೇಪರನ್ನು ಗಟ್ಟಿಯಾಗಿ ಓದುತ್ತಾರೆ, ಹಾಜರಿ ಆಮೇಲೆ. ಶನಿವಾರವಾದರೆ ಪುರವಣಿಯನ್ನೂ ಓದುತ್ತಾರೆ. ಅದರಲ್ಲೂ ನಮ್ಮ ಕಡೆಯವರ ಸುದ್ದಿ ಇದ್ದರೆ ಒಂದಕ್ಷರ ಬಿಡುವುದಿಲ್ಲ.

"ನನಗೆ ಗೇಟ್ ತೆಗೀಲಿಲ್ಲ ಅವ್ರು. ಪೇಪರ್‌ಗೆ ಯಾರೂ ಗೇಟ್ ಹಾಕಲ್ಲ," ಎನ್ನುತ್ತಾ ಖಲಂದರ್ ಸಾಬರು ಬೀಟಲಿನ ಹಿಂದಿನ ಸೀಟಿಗೆ ಬಗ್ಗಿ ಹತ್ತುತ್ತಾರೆ. ಕೆಟ್ಟ ರಸ್ತೆಯಲ್ಲಿ ಒಂದು ಸುತ್ತು ಬಾಕಿಯಿದೆ. ಒಂದೇ ಕೈಯಾದರೂ ಸರಿ, ನಿಧಾನವಾಗಿ ಬಸ್ ಡಿಪೋ ಹಿಂದಿನ ಮಣ್ಣುದಾರಿಯಲ್ಲೇ ಹೋಗಿ ಬರೋಣ ಎಂದು ವೆಂಕಟೇಶ ಸ್ಟೇರಿಂಗ್ ಮುಂದೆ ಕೂತಿದ್ದಾರೆ, ಗೇರು ಹಾಕಿಕೊಡಲು ಪಕ್ಕದಲ್ಲಿ ಸುಗ್ರಾ. ಇಂಜಿನ್ ಹಿಂದುಗಡೆ ಗಡಗಡ ಎದ್ದಿತು. ಖಲಂದರ್ ಕಿಟಕಿಯಿಂದ ತಲೆ ಹೊರಹಾಕಿ, ಈ ಲೇಖನದಿಂದ ತಮಗೆ ಬೇಕಾದದ್ದನ್ನು ಹೇಳಿದರು. ಅದನ್ನು ಅವರು ಹೇಳಿದ ಹಾಗೆಯೇ, ಒಂದಕ್ಷರ ತಿದ್ದದೆ ಇಲ್ಲಿ ಹಾಕಿದೆ. ರೈಟರ್ ಅವರು ದಯವಿಟ್ಟು ಸ್ವಲ್ಪ ಗಟ್ಟಿಯಾಗಿ ಓದಬೇಕು.

"ಸರಳು ತಪ್ಪಿ ಹಾಕಿದ್ದು ಸಕಲೇಶಪುರದ ಮೆಕ್ಯಾನಿಕ್ ಖಲಂದರ್. ವೆಂಕಟೇಶ ಕುಡಿದಿರ್ಲಿಲ್ಲ."